ಒಂದು ಹಿಡಿ ಮಣ್ಣು, ಎರಡು ಹೆಸರು

ಚಿಕ್ಕತಾಯಿಯ ಕೈಲಿ ಕುಸ್ತಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ಅವಳ ಸೋದರತ್ತೆ. ಆಮೇಲೆ ಹೇಳಿದವರು ಊರಿನ ಪೂಜಾರಿ. ಹೆಣ್ಣು ಗರಡಿಯ ಹೊಸ್ತಿಲು ದಾಟಿದರೆ ಒಳಗಿನ ಮಣ್ಣು ಸತ್ತುಹೋಗುತ್ತದೆ ಎಂದು ಅವರು ಆಣೆ ಇಟ್ಟು ಹೇಳಿದ್ದರು.

ಮಣ್ಣು ಸಾಯಲಿಲ್ಲ. ಚಿಕ್ಕತಾಯಿ ವರ್ಷಗಟ್ಟಲೆ ಅದನ್ನು ಅಗೆದಳು, ಜರಡಿ ಹಿಡಿದಳು, ಎಣ್ಣೆ ಮಜ್ಜಿಗೆ ಬೆರೆಸಿ ತುಳಿದಳು. ಅದರ ಮೇಲೆಯೇ ಪಟ್ಟುಗಳನ್ನು ಕಲಿತಳು. ಪೂಜಾರಿ ಮಾತು ಬದಲಿಸಿದರು. ಮಣ್ಣಿಗೆ ಅಭ್ಯಾಸವಾಗಿದೆ, ಅಷ್ಟೆ ಎಂದರು.

ಗರಡಿ ಇದ್ದದ್ದು ಹೊಳೆಯ ದಂಡೆಯಲ್ಲಿ. ಬಾಗಿಲು ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಕುಸ್ತಿ ಆಡುವ ಕೆಮ್ಮಣ್ಣಿನ ಮಟ್ಟಿ. ಅದರ ಅಂಚಿನಲ್ಲಿ ಒಂದು ಮಣೆ, ಮಣೆಯ ಮೇಲೆ ಗುರು ಚೆಲುವಯ್ಯ. ಅವರ ಮೊಣಕಾಲು ಸೋತಿದ್ದವು. ಕಣ್ಣು ಸೋತಿರಲಿಲ್ಲ.

ಆ ಗರಡಿಯಲ್ಲಿ ಕುಸ್ತಿ ಮುಗಿದ ಮೇಲೆ ಇಬ್ಬರೂ ಗುರುವಿಗೆ ಬೆನ್ನು ಕಾಣುವಂತೆ ತಿರುಗಿ ನಿಲ್ಲಬೇಕು. ಯಾರ ಬೆನ್ನಿಗೆ ಕೆಂಪು ಹತ್ತಿದೆಯೋ ಅವನು ಸೋತ. ಇಬ್ಬರ ಬೆನ್ನೂ ಶುಭ್ರವಾಗಿದ್ದರೆ ಸಮ. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ಮಣ್ಣು ಹೇಳಿದ್ದೇ ತೀರ್ಪು.

ಚಿಕ್ಕತಾಯಿ ಆಡುತ್ತಿದ್ದದ್ದು ಬಿಳಿ ಅಂಗಿ ತೊಟ್ಟು. ಅದರ ಬೆನ್ನು ಒಮ್ಮೆಯೂ ಕೆಂಪಾಗಿರಲಿಲ್ಲ. ಅವಳನ್ನು ಕೆಡವಿದರೆ ಹೆಸರಿಲ್ಲ, ಅವಳ ಕೈಲಿ ಬಿದ್ದರೆ ಮಾನವಿಲ್ಲ ಎಂದು ಗಂಡುಗಳು ಆಡಿದ ಹಾಗೆ ಮಾಡಿ ಸಮಕ್ಕೆ ಬಿಡುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಆದರೂ ಆ ಅಂಗಿಯ ಮೇಲೆ ಅವಳಿಗೆ ಹೆಮ್ಮೆ.

ಮಟ್ಟಿಗೆ ಹೊಸ ಮಣ್ಣು ಹಾಕುವ ದಿನ ಹತ್ತಿರ ಬಂತು.

ಆ ದಿನ ಗರಡಿ ನಡೆಸುವವರು ಮೊದಲ ಗುದ್ದಲಿ ಹಾಕಬೇಕು. ಕಾಲವಾದ ಪೈಲ್ವಾನರ ಹೆಸರನ್ನು ಎಲ್ಲರಿಗಿಂತ ದೊಡ್ಡವನಿಂದ ಹಿಡಿದು ಒಂದೊಂದಾಗಿ ಕೂಗಿ, ಒಂದೊಂದು ಹೆಸರಿಗೆ ಒಂದೊಂದು ಹಿಡಿ ಮಣ್ಣು ಮಟ್ಟಿಗೆ ಎರಚಬೇಕು. ಮೊದಲ ಹಿಡಿ ಯಾವಾಗಲೂ ಪುಟ್ಟಮಲ್ಲೇಗೌಡರಿಗೆ. ಕೊನೆಯದು ಕರಿಸಿದ್ದನಿಗೆ. ಅದು ಹಿಡಿಯೂ ಅಲ್ಲ, ಕೈಗೆ ಅಂಟಿದ್ದನ್ನು ಕೊಡವಿದ ಹಾಗೆ.

ಚೆಲುವಯ್ಯ ಗುದ್ದಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಇನ್ನು ಇದನ್ನು ಎತ್ತಲು ತಮ್ಮಿಂದಾಗದು ಎಂದರು. ಅದಕ್ಕೆ ಲಾಯಕ್ಕಾದವರು ಇಬ್ಬರೇ: ಪುಟ್ಟಮಲ್ಲೇಗೌಡರ ಮೊಮ್ಮಗ ಮುದ್ದೇಗೌಡ, ಮತ್ತು ಚಿಕ್ಕತಾಯಿ.

“ಕರಿಸಿದ್ದ ನಿಜಕ್ಕೂ ಎಷ್ಟು ದೊಡ್ಡ ಪೈಲ್ವಾನ? ಅವನ ಹೆಸರು ಎಲ್ಲಿ ಬರಬೇಕು? ಸರಿಯಾಗಿ ತೂಗಿದವರ ಕೈಗೆ ಗುದ್ದಲಿ,” ಎಂದರು ಗುರು.

ಕರಿಸಿದ್ದನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಹಳ್ಳದಾಚೆಯ ಕೇರಿಯಿಂದ ಬಂದು ಆ ಗರಡಿಯ ಬಾಗಿಲು ದಾಟಿದವರಲ್ಲಿ ಅವನೇ ಮೊದಲಿಗ. ಆದರೆ ದಾಟಲು ಬಿಟ್ಟದ್ದು ಅವನ ತಲೆ ನರೆತ ಮೇಲೆ. ಅಲ್ಲಿಯವರೆಗೆ ಅವನ ಜಾತಿಯವರು ಮಟ್ಟಿ ತುಳಿಯುವಂತಿರಲಿಲ್ಲ. ಅವನ ಪ್ರಾಯದ ಕಾಲದಲ್ಲಿ ಪುಟ್ಟಮಲ್ಲೇಗೌಡರು ಪ್ರತಿ ಸುಗ್ಗಿಯಲ್ಲೂ ಅವನನ್ನು ಗರಡಿಯ ಹಿಂದಿನ ಒಕ್ಕಣೆಯ ಕಣಕ್ಕೆ ಕರೆದು ಆಡುತ್ತಿದ್ದರು. ಬಡಿದು ಗಟ್ಟಿ ಮಾಡಿ ಸಗಣಿ ಸಾರಿಸಿದ ಕಣ. ಯಾರು ಬಿದ್ದರೂ ಬೆನ್ನಿಗೆ ಏನೂ ಹತ್ತದು. ಹಾಗಾಗಿ ಆ ಕುಸ್ತಿಗಳೆಲ್ಲ ಸಮ ಎಂದೇ ಗರಡಿಯ ತೀರ್ಪು.

ಮಟ್ಟಿಗೆ ಬಿಟ್ಟ ಮೇಲೆ ಅವನು ಮೊದಲು ಸೋತ. ಆಮೇಲೆ ಕೆಲವು ಗೆದ್ದ. ಅಷ್ಟರಲ್ಲಿ ಮೈ ಮುಗಿದಿತ್ತು.

ಮುದ್ದೇಗೌಡನಿಗೆ ಉತ್ತರ ಹುಡುಕುವ ಕಷ್ಟವಿರಲಿಲ್ಲ. ಗೆದ್ದದ್ದು ಬೆರಳಿನಲ್ಲಿ ಎಣಿಸುವಷ್ಟು, ಮೊದಲಿಗ ಅನ್ನುವ ಒಂದು ಗೌರವ ಬಿಟ್ಟರೆ ಅವನಲ್ಲಿ ಏನಿತ್ತು, ಹೆಸರು ಇದ್ದಲ್ಲೇ ಇರಲಿ ಎಂದ. ಹೋಗುವಾಗ ಚಿಕ್ಕತಾಯಿಯ ಕಡೆ ತಿರುಗಿ, ಮೊದಲಿಗರನ್ನೆಲ್ಲ ಮೇಲೆ ಕೂರಿಸಿದರೆ ನಾಳೆ ನಿನ್ನನ್ನೂ ಕೂರಿಸಬೇಕಾಗುತ್ತಲ್ಲ ಪೈಲ್ವಾನಮ್ಮ ಎಂದು ನಕ್ಕ.

ಅದು ಅವಳಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

“ಕರಿಸಿದ್ದನ ಹೆಸರು ಎಲ್ಲರಿಗಿಂತ ಮೊದಲು ಬರಬೇಕು ಉಸ್ತಾದರೇ,” ಎಂದಳು. “ಪ್ರಾಯದಲ್ಲಿ ಅವನು ಒಂದು ಸಲಾನೂ ಸೋತಿಲ್ಲ.”

“ನೀನು ನೋಡಿದ್ದೀಯಾ?”

ಇಲ್ಲ ಎಂದು ಅವಳು ತಲೆಯಾಡಿಸಿದಳು.

“ನಾನು ಕೇಳಿದ್ದು ತೂಕ, ತಾಯಿ. ನೀನು ಹಾರ ತಂದಿದ್ದೀಯ.”

ಮರುದಿನ ಗುರು ಇಬ್ಬರನ್ನೂ ಹಿಂದಿನ ಕಣಕ್ಕೆ ಕರೆದೊಯ್ದು, ಆಡಿ ಎಂದರು. ಅಂಚಿನಲ್ಲಿ ಮಣೆ ಹಾಕಿಕೊಂಡು ಕೂತರು.

ಕಣದಲ್ಲಿ ಬಿದ್ದರೂ ಸೋಲಲ್ಲ ಎಂದು ಮುದ್ದೇಗೌಡ ಕೈ ಬಿಚ್ಚಿ ಆಡಿದ. ಅವಳೂ ಹಾಗೇ ಆಡಿದಳು. ಮೊದಲ ಸಲ ಅವನ ಕಾಲಿಗೆ ಕಾಲು ಕೊಟ್ಟು ಅಂಗಾತ ಕೆಡವಿದಳು. ಬಿದ್ದ ಸದ್ದು ಹೊಳೆಯವರೆಗೆ ಕೇಳಿರಬೇಕು.

“ತಿರುಗಿ,” ಎಂದರು ಗುರು. ನೋಡಿದರು. “ಸಮ.”

ಚಿಕ್ಕತಾಯಿಗೆ ಮೈಯೆಲ್ಲ ಉರಿಯಿತು. ಅವನು ಬಿದ್ದದ್ದನ್ನು ನೀವೇ ಕಂಡಿರಲ್ಲ ಎಂದಳು. ನಾನು ಕಂಡದ್ದು ಬೇಡ, ಮಣ್ಣು ಎಲ್ಲಿ ತೋರಿಸು ಎಂದರು ಗುರು.

ಎರಡನೆಯ ಸಲ ಮುದ್ದೇಗೌಡ ಅವಳನ್ನು ಸೊಂಟ ಹಿಡಿದು ಎತ್ತಿ ಹಾಕಿದ. ಉಸಿರು ಕಟ್ಟಿತು. ಕಣ್ಣಿಗೆ ಕತ್ತಲೆ ಬಂತು. ಹೇಗೋ ಎದ್ದು ತಿರುಗಿ ನಿಂತಳು. ಅಂಗಿ ಬೆಳ್ಳಗಿತ್ತು.

“ಸಮ.”

ಅವಳಿಗೆ ಹಾಯೆನಿಸಿತು.

ಹಾಯೆನಿಸಿದ ಮರುಗಳಿಗೆಯೇ ಮುಖ ಕೆಂಪಾಯಿತು. ಈ ಕಣ ಗೆಲುವನ್ನು ಮಾತ್ರ ನುಂಗುವುದಿಲ್ಲ, ಸೋಲನ್ನೂ ನುಂಗುತ್ತದೆ. ಕರಿಸಿದ್ದನೂ ಇಲ್ಲಿ ಬಿದ್ದಿರಬಹುದು. ತಾನು ಹಾರ ಹಾಕಲು ಹೊರಟದ್ದು ಅವನಿಗಲ್ಲ, ತನಗೇ.

ಸಂಜೆ ಗುರುವಿನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ, ಕರಿಸಿದ್ದ ಮಟ್ಟಿಯಲ್ಲಿ ಮೊದಲು ಸೋತ ದಿನ ಏನಾಯಿತು ಎಂದು ಕೇಳಿದಳು.

ಗುರು ಅದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದರು. ಅವನನ್ನು ಕೆಡವಿದವನು ಅವನ ಅರ್ಧ ವಯಸ್ಸಿನವನಂತೆ. ಬೆನ್ನು ತುಂಬ ಕೆಂಪು ಹತ್ತಿತ್ತಂತೆ. ಸೋತವರು ತೊಳೆದುಕೊಳ್ಳಲು ಹಿಂಬಾಗಿಲಿನಿಂದ ಹೊಳೆಗೆ ಹೋಗುವುದು ವಾಡಿಕೆ. ಕರಿಸಿದ್ದ ಹೊಳೆಗೆ ಹೋಗಲಿಲ್ಲ. ಮುಂಬಾಗಿಲಿನಿಂದ ಹೊರಟು, ಅಂಗಡಿ ಬೀದಿ ಹಾದು, ದೇವಸ್ಥಾನದ ಮುಂದೆ ಹಾದು, ಬರಿ ಬೆನ್ನಿನಲ್ಲಿ ಹಳ್ಳ ದಾಟಿ ಕೇರಿಗೆ ಹೋದ. ಊರು ಬಿದ್ದು ಬಿದ್ದು ನಕ್ಕಿತು. ಕೇರಿಯಲ್ಲಿ ಅವನ ಹೆಂಡತಿ ಆ ಬೆನ್ನನ್ನು ನೋಡಿ, ಅದರಲ್ಲೇ ಒಂದು ಚಿಟಿಕೆ ತೆಗೆದು ಹಣೆಗೆ ಇಟ್ಟುಕೊಂಡಳು.

“ಸೋತ ಮಣ್ಣನ್ನ ಯಾಕೆ ಇಟ್ಕೊಂಡಳು?” ಎಂದಳು ಚಿಕ್ಕತಾಯಿ.

“ಎಣ್ಣೆ ಸಾಕು,” ಎಂದರು ಗುರು.

ಅವಳು ಎರಡು ದಿನ ಆ ಚಿಟಿಕೆ ಮಣ್ಣಿನ ಮಾತನ್ನೇ ಮೆಲುಕು ಹಾಕಿದಳು. ಕಣ ಅವನಿಗೆ ಒಮ್ಮೆಯೂ ಕೊಡದ ಗುರುತು ಅದು. ಮೂರನೆಯ ದಿನ ಹೊಸ ಮಣ್ಣು ಬಂತು. ಅವಳೂ ಮುದ್ದೇಗೌಡನೂ ಎದುರುಬದುರು ನಿಂತು ಜರಡಿ ಹಿಡಿದರು.

“ನಿಮ್ಮ ತಾತ ಕರಿಸಿದ್ದನನ್ನ ಮಟ್ಟಿಗೆ ಯಾಕೆ ಕರೀಲಿಲ್ಲ ಗೌಡ?”

“ಮೈಲಿಗೆ ಅಂತಿದ್ರು. ಆ ಕಾಲ ಹಂಗಿತ್ತು, ಬಿಡು.”

“ಕಣದಲ್ಲಿ ಕತ್ತಿಗೆ ಕೈ ಹಾಕಿದ್ರು. ಎದೆಗೆ ಎದೆ ಕೊಟ್ರು. ಬೆವರಿಗೆ ಬೆವರು ಸೇರ್ತು. ಮೈಗೆ ತಟ್ಟದ ಮೈಲಿಗೆ ಮಣ್ಣಿಗೆ ತಟ್ತದಾ?”

ಜರಡಿ ನಿಂತಿತು.

“ಗೆಲ್ತೀನಿ ಅನ್ನೋ ನಂಬಿಕೆ ಇದ್ದೋನು ಗುರುತು ಉಳಿಯೋ ಕಡೆ ಆಡ್ತಾನೆ,” ಎಂದಳು ಅವಳು.

ಮುದ್ದೇಗೌಡನ ಮುಖ ಬಿಗಿಯಿತು. ತನ್ನ ತಾತನನ್ನು ಹೇಡಿ ಎನ್ನುವ ನಾಲಿಗೆ ಈ ಊರಲ್ಲಿ ಇನ್ನೂ ಹುಟ್ಟಿಲ್ಲ ಎಂದ.

ಹೇಡಿ ಎಂದು ನಾನೂ ಅನ್ನಲಿಲ್ಲ ಎಂದಳು ಚಿಕ್ಕತಾಯಿ. ಹೇಡಿಯಾಗಿದ್ದರೆ ಒಂದು ಸಲ ಆಡಿ ಸುಮ್ಮನಾಗುತ್ತಿದ್ದರು. ಅವರು ಪ್ರತಿ ಸುಗ್ಗಿಯಲ್ಲೂ ಕರೆದರು. ಕೈಗೆ ಸರಿಜೋಡಿ ಬೇಕಿತ್ತು, ಯಾರು ಬಿದ್ದರು ಅಂತ ಊರಿಗೆ ಗೊತ್ತಾಗಬಾರದಿತ್ತು. ಅವನು ಎಷ್ಟು ದೊಡ್ಡವನು ಅಂತ ಅವನನ್ನು ಹೊರಗಿಟ್ಟವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುದ್ದೇಗೌಡ ಮಣ್ಣಿನಲ್ಲಿ ಬೆರಳಾಡಿಸಿದ. ಆಮೇಲೆ ಯಾರಿಗೋ ಹೇಳುವವನ ಹಾಗೆ ಹೇಳಿದ.

“ತಾತನಿಗೆ ಎಣ್ಣೆ ಹಚ್ತಿದ್ದೋನು ನಾನೇ. ಎಡ ಭುಜಕ್ಕೆ ಕೈ ಹೋದ್ರೆ ಸಾಕು, ಮೆಲ್ಲಗೆ ಕಣ್ಲಾ, ಅದು ಸಿದ್ದನ ಜಾಗ ಅನ್ನೋರು. ಯಾವ ಸಿದ್ದ ಅಂತ ನಾನು ಕೇಳ್ಲಿಲ್ಲ.”

ಹೊಸ ಮಣ್ಣಿನ ದಿನ ಊರು ಗರಡಿಯ ಬಾಗಿಲಲ್ಲಿ ಸೇರಿತು. ಪೂಜಾರಿ ಬಂದರು. ಸೋದರತ್ತೆಯೂ ಬಂದಳು. ಒಳಗೆ ಬರದೆ ಕತ್ತು ಮಾತ್ರ ಒಳಗೆ ಹಾಕಿ ನಿಂತಳು.

ಗುರು ಕರಿಸಿದ್ದನ ಬಗ್ಗೆ ಮತ್ತೆ ಅದೇ ಪ್ರಶ್ನೆ ಕೇಳಿದರು.

ಚಿಕ್ಕತಾಯಿ ಮಟ್ಟಿಯ ಅಂಚಿಗೆ ಬಂದು ನಿಂತಳು.

“ಅವನು ಎಲ್ಲರಿಗಿಂತ ದೊಡ್ಡವನು ಅಂತ ನಾನು ಹೇಳಲಾರೆ. ಅವನ ಪ್ರಾಯವನ್ನ ಕಣ ನುಂಗಿಬಿಟ್ಟಿದೆ, ಅದನ್ನ ವಾಪಸು ತರೋಕೆ ನನ್ನಿಂದ ಆಗಲ್ಲ. ಆದರೆ ಅವನಿಗೂ ಪುಟ್ಟಮಲ್ಲೇಗೌಡರಿಗೂ ಸಮ ಅಂದಿದ್ದು ನಾನಲ್ಲ, ಈ ಗರಡಿ. ಪ್ರತಿ ಸುಗ್ಗೀಲೂ ಅಂದಿದೆ. ಆ ಮಾತು ನಿಜ ಆದ್ರೆ ಇಬ್ಬರಿಗೂ ಒಂದೇ ಹಿಡಿ ಮಣ್ಣು. ಸುಳ್ಳಾದ್ರೆ, ಸುಳ್ಳು ಹೇಳಿದೋನು ಕರಿಸಿದ್ದ ಅಲ್ಲ.”

ಪೂಜಾರಿ ಕೆಮ್ಮಿದರು. ಬಾಗಿಲಲ್ಲಿ ಗುಸುಗುಸು ಎದ್ದಿತು. ಮೊದಲ ಹಿಡಿಯಲ್ಲಿ ಪಾಲು ಎಂದರೆ ಗೌಡರ ಮನೆ ಒಪ್ಪೀತೇ ಎಂದು ಯಾರೋ ಅಂದರು.

ಗುರು ಅವಳನ್ನು ನೋಡಲಿಲ್ಲ. ಮುದ್ದೇಗೌಡನನ್ನು ನೋಡಿದರು.

ಮುದ್ದೇಗೌಡ ಎದ್ದು ಬಂದು ಗುರುವಿನ ಮಡಿಲಿನಿಂದ ಗುದ್ದಲಿ ತೆಗೆದುಕೊಂಡ. ಒಂದು ಗಳಿಗೆ ಅದರ ಹಿಡಿಕೆಯನ್ನು ಬಿಗಿಯಾಗಿ ಹಿಡಿದ. ಆಮೇಲೆ ಅವಳ ಕೈಗೆ ಕೊಟ್ಟ.

“ಎರಡು ಹೆಸರೂ ಒಂದೇ ಉಸಿರಲ್ಲಿ ಕೂಗಬೇಕು, ಪೈಲ್ವಾನಮ್ಮ. ಮಧ್ಯೆ ಉಸಿರು ಎಳೆದ್ರೆ ಕಿತ್ಕೋತೀನಿ.”

ಅವಳು ಅಗೆದಳು. ಕೈ ತುಂಬ ಮಣ್ಣು ಹಿಡಿದಳು. ಪುಟ್ಟಮಲ್ಲೇಗೌಡ ಕರಿಸಿದ್ದ ಎಂದು ಒಂದೇ ಉಸಿರಿನಲ್ಲಿ ಕೂಗಿ ಎರಚಿದಳು. ಕೆಮ್ಮಣ್ಣು ಮಟ್ಟಿಯ ಮೇಲೆ ಹರಡಿ ಬಿತ್ತು. ಯಾವ ಹೆಸರಿನದು ಎಲ್ಲಿ ಬಿತ್ತು ಎಂದು ಯಾರೂ ಹೇಳುವಂತಿರಲಿಲ್ಲ.

ಉಳಿದ ಹೆಸರುಗಳೂ ಮುಗಿದವು.

ಇನ್ನೊಂದು ಪದ್ಧತಿ ಉಳಿದಿತ್ತು. ಗುದ್ದಲಿ ಹಿಡಿದವರು ಹೊಸ ಮಣ್ಣಿನಲ್ಲಿ ಮೊದಲ ಕುಸ್ತಿ ಆಡಬೇಕು, ಯಾರು ಕೇಳಿದರೆ ಅವರೊಡನೆ. ಮುದ್ದೇಗೌಡ ಕೇಳಿದ. ಕೇಳುವಾಗಲೇ ಅವನ ಭುಜ ಸಡಿಲವಾಗಿತ್ತು. ಸಮಕ್ಕೆ ಬಿಡುವವನ ಭುಜ ಅದು, ಅವಳು ಅದನ್ನು ವರ್ಷಗಳಿಂದ ಬಲ್ಲಳು. ಊರೆಲ್ಲ ನೋಡುತ್ತಿತ್ತು. ಸುಮ್ಮನಿದ್ದರೆ ಅಂಗಿ ಬೆಳ್ಳಗೇ ಉಳಿಯುತ್ತಿತ್ತು.

“ಕಣದಲ್ಲಿ ಆಡಿದ ಹಾಗೆ ಆಡು,” ಎಂದಳು ಅವಳು, ಅವನಿಗೆ ಮಾತ್ರ ಕೇಳುವಂತೆ.

ಅವನು ಅವಳ ಮುಖ ನೋಡಿದ. ಭುಜ ಬಿಗಿಯಾಯಿತು.

ಅವಳು ಚೆನ್ನಾಗಿಯೇ ಆಡಿದಳು. ಎರಡು ಸಲ ಅವನು ಬೀಳುವುದರಲ್ಲಿದ್ದ. ಕೊನೆಗೆ ಅದೇ ಸೊಂಟದ ಪಟ್ಟು ಬಿತ್ತು, ಕಾಲು ನೆಲ ಬಿಟ್ಟಿತು, ಮಟ್ಟಿಯ ತಂಪು ಬೆನ್ನಿಗೆ ಪೂರ್ತಿ ತಾಗಿತು.

“ತಿರುಗಿ,” ಎಂದರು ಗುರು.

ಅವಳು ತಿರುಗಿದಳು. ಹೆಗಲಿನಿಂದ ನಡುವಿನವರೆಗೆ ಬಿಳಿ ಅಂಗಿ ಕೆಂಪಾಗಿತ್ತು. ಬಾಗಿಲಲ್ಲಿ ನಗು ಎದ್ದಿತು. ನಾನು ಅವತ್ತೇ ಹೇಳಿರಲಿಲ್ವಾ ಎಂದಳು ಸೋದರತ್ತೆ, ಪೂಜಾರಿಗೆ ಕೇಳುವಂತೆ.

ನಾಚಿಕೆಯಾಯಿತು ನಿಜ. ಆದರೆ ಅದರ ಕೆಳಗೆ ಬೇರೇನೋ ಇತ್ತು. ಒಬ್ಬ ಮನುಷ್ಯ ಮೊದಲ ಸಲ ಈ ಮಟ್ಟಿಯಲ್ಲಿ ತನ್ನೊಡನೆ ನಿಜವಾಗಿ ಕುಸ್ತಿ ಆಡಿದ್ದ.

ಮುದ್ದೇಗೌಡ ಮಣ್ಣು ಕೊಡವಲು ಕೈ ಚಾಚಿದ. ಬೇಡ ಎಂದು ತಲೆಯಾಡಿಸಿ, ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು, ಅವಳು ವಾಡಿಕೆಯಂತೆ ಹಿಂಬಾಗಿಲಿನ ಕಡೆ ಹೆಜ್ಜೆ ಹಾಕಿದಳು.

ಚೆಲುವಯ್ಯ ಮಣೆಯ ಮೇಲಿಂದಲೇ ಕರೆದರು.

“ಹೊಳೆಗೆ ಯಾಕೆ ಹೋಗ್ತೀಯ, ತಾಯಿ? ಗುದ್ದಲಿ ನಿನ್ನದು, ಮಟ್ಟಿ ನಿನ್ನದು, ಅದಕ್ಕೆ ಕೊಟ್ಟ ಬೆಲೆ ಬೆನ್ನ ಮೇಲಿದೆ. ಮುಂಬಾಗಿಲಿಂದ ಹೊರಟು ಊರೊಳಗಿನ ದಾರೀಲಿ ಹೋಗು.”