ಆರುತಲೆ ದಿಬ್ಬದ ಆರನೆಯ ಕಲ್ಲು

ಕಂಟಿಹಾಳದ ಹೊಳೆದಂಡೆಯ ಆರುತಲೆ ದಿಬ್ಬದಲ್ಲಿ ತಲೆ ಒಂದೂ ಇಲ್ಲ. ಆರು ಗೋರಿಕಲ್ಲುಗಳಿವೆ, ಅವುಗಳ ಕೆಳಗೆ ಆರು ಮುಂಡಗಳಿವೆ. ಇಲ್ಲಿ ಮೊದಲು ಮನೆ ಕಟ್ಟಿದ ಬರಮಪ್ಪನ ಕುಟುಂಬ ಅದು ಎನ್ನುತ್ತಾರೆ. ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ಮೊದಲ ಎಡೆ ಆ ವಂಶದವರದ್ದೇ. ಆದರೆ ವಂಶವೇ ಉಳಿದಿಲ್ಲ ಅಂತ ಗೌಡರು ಇಡುತ್ತಿದ್ದರು. "ನಾನೇ ಆ ವಂಶದಾಕಿ" ಅಂತ ಮುದುಕಿ ದ್ಯಾಮವ್ವ ಹೇಳಿ ಹೇಳಿ ಹಲ್ಲು ಉದುರಿದವು. "ಸತ್ತವರಿಗೆ ಮೊಮ್ಮಕ್ಕಳು ಹುಟ್ಟತಾರೇನಬೇ?" ಅಂತ ಗೌಡರು ನಗುತ್ತಿದ್ದರು.

ಹಿಂದೆ ಒಮ್ಮೆ, ಖಾನೇಸುಮಾರಿ ಎಂಬ ಜನಗಣತಿ ಶುರುವಾದ ಹೊಸದರಲ್ಲಿ, ಗುಮಾಸ್ತ ರಾಘೋಪಂತರು ಬರಮಪ್ಪನ ಒಂಟಿಮನೆಯ ಬಾಗಿಲಿಗೆ ಬಂದು, "ಎಷ್ಟು ತಲಿ ಅದಾವು? ಎಲ್ಲಾ ತಗೊಂಡ ಹೋಗಬೇಕು" ಅಂದರಂತೆ. ಬರಮಪ್ಪ ಹಳೇ ಊರಲ್ಲಿ ಅಪ್ಪನ ತಲೆಯನ್ನು ಹಗೆಯವರಿಗೆ ಬಿಟ್ಟು ಓಡಿಬಂದವನು. ಕೊಡಲಿ ಬೀಸಿದ. ಪಂತರ ರುಮಾಲು ಎರಡಾಯಿತು, ತಲೆ ಉಳಿಯಿತು. ಇದು ಬರೀ ಎಣಿಕೆ ಅಂತ ತಿಳಿದ ಮೇಲೆ ನಾಚಿ ನೀರು ಕೊಟ್ಟ. ಪಂತರು ಮೊದಲು ಕೊಡಲಿಯನ್ನು ಅಟ್ಟಕ್ಕೆ ಹಾಕಿಸಿದರು. ಆಮೇಲೆ ಆರು ತಲೆ ಅಂತ ಬರೆದುಕೊಳ್ಳುತ್ತಾ, "ನಿಮ್ಮ ಮನಿ ನೀರು ನಮಗ ನಡಿಯೂದಿಲ್ಲ. ಹೊಲದ ಸೌತಿಕಾಯಿ ನಡೀತದ" ಅಂದರು. ಬರಮಪ್ಪನ ತಮ್ಮ ಹೊಳೆಪ್ಪ ಸೌತೆಕಾಯಿ ತರಲು ಹೋದ. ಅವನು ಅತ್ತ ಹೋದದ್ದೇ ತಡ, ಹಳೇ ಹಗೆಯವರು ಜಾಡು ಹಿಡಿದು ಇತ್ತ ಬಂದರು. ಕೊಡಲಿ ಅಟ್ಟದಲ್ಲಿತ್ತು. ಬರಮಪ್ಪನನ್ನು ಹೊಸ್ತಿಲಲ್ಲೇ ಕಡಿದರು. ತಾಯಿಯನ್ನು, ಇಬ್ಬರು ಮಕ್ಕಳನ್ನು ಒಳಗೆ ಕೊಂದರು. ಹೆಂಡತಿ ಒನಕೆಯಿಂದ ಇಬ್ಬರ ದವಡೆ ಮುರಿದೇ ಬಿದ್ದಳು. "ನಾ ಈ ಮನಿಯವ ಅಲ್ಲೋ!" ಅಂತ ಪಂತರು ಕೂಗಿದರು. "ಮನಿಯವರೆಲ್ಲಾ ಹಂಗ ಅಂತಾರ" ಅಂತ ಅವರನ್ನೂ ಕಡಿದರು. ತಲೆಗಳನ್ನು ಚೀಲಕ್ಕೆ ತುಂಬಿ, ಮೈಮೇಲಿನ ಬಟ್ಟೆಯನ್ನೂ ಬಿಡದೆ ಹೊತ್ತೊಯ್ದರು. ಪಂತರ ಜನಿವಾರವೂ ತಲೆಯ ಜೊತೆಗೇ ಹೋಯಿತು.

ಸೌತೆಬಳ್ಳಿಯಲ್ಲಿ ಅವಿತು ಎಲ್ಲವನ್ನೂ ಕಂಡ ಹೊಳೆಪ್ಪ ಹೊಳೆಗೆ ಹಾರಿ ಆಚೆ ದಡ ಸೇರಿದ. ಮಣ್ಣು ಮಾಡಲು ಬಂದ ಹತ್ತಿರದ ಮಠದವರು ಅಲ್ಲೇ ಬಿದ್ದಿದ್ದ ಪಂತರ ಎಣಿಕೆಯ ಕಾಗದ ನೋಡಿದರು: ಆರು. ಹೆಣ ಎಣಿಸಿದರು: ಆರು. ಸರಿಹೋಯಿತು ಅಂತ ಸುಡಬೇಕಾದ ಪಂತರನ್ನೂ ಸೇರಿಸಿ ಹೂತರು. ಪಂತರ ಕಚೇರಿಯಲ್ಲಿ 'ಕೆಲಸ ಬಿಟ್ಟು ಓಡಿದ' ಅಂತ ಬರೆದರು. ಹನ್ನೆರಡು ವರ್ಷದ ಮೇಲೆ ಹೊಳೆಪ್ಪ ಹೆಂಡತಿ ಮಕ್ಕಳ ಜೊತೆ ಬಂದಾಗ ಇಲ್ಲಿ ಹೊಸ ಜನ ತುಂಬಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿದ. "ಕಾಗದದಾಗ ನೀ ಸತ್ತೀಯಪ್ಪಾ" ಅಂದರು. ಆ ಹೊಳೆಪ್ಪನ ಮೊಮ್ಮಗಳೇ ದ್ಯಾಮವ್ವ.

ಹೋದ ವರ್ಷ, ಮಣ್ಣು ಮಾಡಿದವರ ಲೆಕ್ಕ ಬರೆದಿಟ್ಟ ಮಠದ ಹಳೇ ಪುಸ್ತಕ ಸಿಕ್ಕಿತು. ಎಡೆಯ ದಿನ ಗೌಡರ ಎದುರಿಗೇ, ಊರ ಶಾಲೆಯ ಮಾಸ್ತರನಾದ ನಾನು ಓದಿದೆ: 'ಆರನೆಯ ಹೆಣ ಗಂಡಸಿನದು. ಬಲಗೈ ಬೆರಳಿಗೆ ಮಸಿ.' ದ್ಯಾಮವ್ವ ಎದ್ದು ನಿಂತಳು. "ನಮ್ಮ ಮನ್ಯಾಗ ಯಾರು ಬರೀತಿದ್ರು ಮಾಸ್ತರ? ನನಗ ಇವತ್ತಿಗೂ ಸಹಿ ಬರೂದಿಲ್ಲ." ಗೌಡರು ಎಡೆಯ ತಟ್ಟೆಯನ್ನು ಅವಳ ಕೈಗೆ ಕೊಟ್ಟರು.

ಹೆಸರು ಮಾತ್ರ ಆರುತಲೆ ದಿಬ್ಬ ಅಂತಲೇ ಉಳಿದಿದೆ. ಈಗ ಹೋದವರು ನೋಡಬಹುದು: ಐದು ಕಲ್ಲಿನ ಮುಂದೆ ರೊಟ್ಟಿ, ಪಲ್ಯ, ತಂಬಿಗೆ ನೀರು. ಆರನೆಯದರ ಮುಂದೆ ಒಂದು ಇಡೀ ಸೌತೆಕಾಯಿ. ಅಲ್ಲಿ ದ್ಯಾಮವ್ವ ನೀರು ಇಡುವುದಿಲ್ಲ.