ದಾಕ್ಷಾಯಣಿ ಆರಿಸಿದ ಪವರ್ ಸಪ್ಲೈ

ನದಿ ಆ ಊರನ್ನು ಮುಟ್ಟುವ ಮುನ್ನ ಒಂದು ಗಳಿಗೆ ಯೋಚಿಸಿದಂತೆ ನಿಂತು, ಆಮೇಲೆ ಎಡಕ್ಕೆ ತಿರುಗುತ್ತದೆ. ಆ ತಿರುವಿನ ದಂಡೆಯ ಮೇಲೆ ಅಡವಯ್ಯ ಅಜ್ಜಾರ ಆಶ್ರಮ.

ಚಳಿಗಾಲದ ಬೆಳಗಿನಲ್ಲಿ ಅಲ್ಲಿ ಮಂಜು ದಟ್ಟವಾಗಿ ಇಳಿಯುತ್ತಿತ್ತು. ಆಚೆ ದಡದಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು, ಒಗೆಯುವವರು ಕಾಣುತ್ತಿರಲಿಲ್ಲ.

ದಾಕ್ಷಾಯಣಿ ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಅವಳು ನದಿಯಾಚೆಯ ಪಟ್ಟಣದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದಳು, ಕೆಟ್ಟದ್ದನ್ನು ರಿಪೇರಿ ಮಾಡುತ್ತಿದ್ದಳು. ಕೈ ಚುರುಕು ಎಂದು ಹೆಸರಿತ್ತು. ಒಂದು ದಿನ ಕೆಲಸ ಬಿಟ್ಟಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಆಶ್ರಮದಲ್ಲಿ ಅಂಗಳ ಗುಡಿಸುತ್ತಿದ್ದಳು, ಗಿಡಗಳಿಗೆ ನೀರು ಹಾಕುತ್ತಿದ್ದಳು, ಸಂಜೆ ಎಲ್ಲರ ಜೊತೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕಣ್ಣು ಮುಚ್ಚಿದ ಕೂಡಲೇ ಎಲ್ಲಿಂದಲೋ ಸುಟ್ಟ ವಾಸನೆ ಬರುತ್ತಿತ್ತು.

"ಅಜ್ಜಾರ, ಮನಸ್ಸು ನಿಲ್ಲವಲ್ದು," ಎಂದಿದ್ದಳು ಒಮ್ಮೆ.

"ಅದೇನು ಬಂಡಿಯೇನವ್ವಾ, ಹೇಳಿದಲ್ಲಿ ನಿಲ್ಲಾಕ?" ಎಂದಿದ್ದರು ಅವರು.

ಆಶ್ರಮದ ಹಿಂಬದಿಯ ತಗಡಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಸುತ್ತಲಿನ ಹಳ್ಳಿಯವರು ಅಟ್ಟದ ಮೇಲಿನ ಹಳೆಯ ಕೈಬರಹದ ಪುಸ್ತಕಗಳನ್ನು ತಂದುಕೊಡುತ್ತಿದ್ದರು. ಬೇರು ಸೊಪ್ಪಿನ ಔಷಧದ ಲೆಕ್ಕ, ಬಯಲಾಟದ ಹಾಡು, ಸತ್ತವರು ಬರೆದ ಕಾಗದ, ಏನು ಬೇಕಾದರೂ ಇರುತ್ತಿತ್ತು ಅವುಗಳಲ್ಲಿ. ಊರ ಶಾಲೆಯ ಮಾಸ್ತರರು ಒಂದೊಂದೇ ಪುಟದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಟ್ಟು, ಪುಸ್ತಕವನ್ನು ಮರಳಿಸುತ್ತಿದ್ದರು. ದಾಕ್ಷಾಯಣಿ ಆ ಕೋಣೆಯ ಹೊಸ್ತಿಲವರೆಗೆ ಗುಡಿಸುತ್ತಿದ್ದಳು, ಒಳಗೆ ಹೋಗುತ್ತಿರಲಿಲ್ಲ.

ಮಾಘ ಮಾಸದ ಒಂದು ಮುಂಜಾನೆ ಮಾಸ್ತರರು ಬಂದು, "ಗುಂಡಿ ಒತ್ತಿದ್ರ ಸುಮ್ಮನ ಕುಂತೈತ್ರಿ," ಎಂದರು.

ಅಜ್ಜಾರು ದಾಕ್ಷಾಯಣಿಯನ್ನು ಕರೆದರು. "ನೋಡು."

"ನಾ ಆ ಕೆಲಸ ಬಿಟ್ಟು ಬಂದೀನ್ರಿ."

"ಎಲ್ಲಿ ಬಿಟ್ಟಿ?"

"ಅಂಗಡ್ಯಾಗ."

"ಹಂಗಾದ್ರ ಅದು ಅಲ್ಲೇ ಐತಿ. ಇದು ಬ್ಯಾರೆ. ನೋಡು."

ಅವಳು ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಮೂರು ವರ್ಷ ಮುಟ್ಟದಿದ್ದರೂ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತಳು.

"ಪವರ್ ಸಪ್ಲೈ ಹೋಗೈತ್ರಿ. ಗೋಡೆಯಿಂದ ಬರೋ ಕರೆಂಟನ್ನ ಒಳಗಿನ ಒಂದೊಂದು ಭಾಗಕ್ಕ ತಕ್ಕಂಗ ಹಂಚೋ ಪೆಟ್ಟಿಗಿ ಅದು. ಉಳಿದದ್ದೆಲ್ಲ ನೆಟ್ಟಗೈತಿ."

"ಹೊಸಾದು ಆರಿಸು."

"ಯಾವುದು ಆರಿಸ್ಲಿ?"

"ನೀ ಆರಿಸು ಅಂದೆ."

ಅಂದು ಇಡೀ ದಿನ ಅವಳು ನದಿಯ ಮೆಟ್ಟಿಲ ಮೇಲೆ ಕೂತಿದ್ದಳು. ನೀರು ಹರಿಯುತ್ತಿದೆಯೋ ತಾನು ಹರಿಯುತ್ತಿದ್ದೇನೋ ತಿಳಿಯದಷ್ಟು ಹೊತ್ತು ಕೂತಿದ್ದಳು. ಮರುದಿನ ಬಂದು ಹೇಳಿದಳು:

"ಎಂಟುನೂರಾ ಐವತ್ತು ವ್ಯಾಟಿಂದು ತರೋಣ್ರಿ."

"ಈ ಯಂತ್ರ ಎಷ್ಟು ಉಣ್ತೈತಿ?"

"ಎಲ್ಲಾ ಕೂಡಿ ದುಡಿದ್ರೂ ಇನ್ನೂರು ದಾಟಂಗಿಲ್ಲ."

"ಮತ್ತ?"

"ದೊಡ್ಡದು ತಂದ್ರೇನು ಹೆಚ್ಚು ಎಳಕೊಳ್ಳಂಗಿಲ್ರಿ. ಕೇಳಿದಷ್ಟ ಕೊಡ್ತೈತಿ. ಇರ್ಲಿ ಅಂತ."

ಅಜ್ಜಾರು ಎದ್ದು ಅಡುಗೆಮನೆಗೆ ಹೋದರು. ಹಬ್ಬದ ದಿನ ನೂರು ಜನಕ್ಕೆ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಉರುಳಿಸಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿದರು.

"ನೀರಡಿಕಿ ಆಗೈತಿ. ಇದರಾಗ ನೀರು ತಾ."

ಅವಳು ಹಂಡೆಯನ್ನು ನದಿಗೆ ಒಯ್ದಳು. ತುಂಬಿದರೆ ಎತ್ತಲಾಗಲಿಲ್ಲ, ಚೆಲ್ಲಿದಳು. ತಳದಲ್ಲಿ ಒಂದಿಷ್ಟು ಉಳಿಸಿಕೊಂಡು, ಸೀರೆಯೆಲ್ಲ ತೋಯಿಸಿಕೊಂಡು, ಮೆಟ್ಟಿಲು ಹತ್ತಿ ಬಂದಳು. ಅಜ್ಜಾರು ಬೊಗಸೆಯಲ್ಲಿ ನೀರು ತೆಗೆದು ಕುಡಿದರು.

"ಇಷ್ಟು ದೊಡ್ಡದರಾಗ ಯಾಕ ತಂದಿ?"

"ನೀವ ಕೊಟ್ರಲ್ರೀ."

"ಕೊಟ್ಟೆ. ಚರಿಗಿ ಸಾಕ್ರಿ ಅಂತ ನೀ ಯಾಕ ಅನ್ನಲಿಲ್ಲ?"

ಅವಳು ಸೆರಗು ಹಿಂಡುತ್ತ, "ಅಂಜಿಕಿ ಆತ್ರಿ," ಎಂದಳು.

"ಹೂಂ," ಎಂದರು ಅಜ್ಜಾರು. "ನಿನ್ನೆ ಆರಿಸೂ ಮುಂದನೂ ಅಂಜಿಕಿ ಆಗಿರಬೇಕು."

ಎರಡು ದಿನ ಬಿಟ್ಟು ಅವಳು ಮತ್ತೆ ಬಂದಳು.

"ನಾಲ್ಕುನೂರಾ ಐವತ್ತು ಸಾಕ್ರಿ. ಹೆಚ್ಚು ಕಾಯದಂಥಾ ಒಳ್ಳೇ ಪೆಟ್ಟಿಗಿ. ಕೇಬಲ್ ಎಲ್ಲಾ ಪೆಟ್ಟಿಗಿಗೆ ಅಂಟಿಕೊಂಡ ಇರೋದು."

"ಅಂಟಿಕೊಳ್ಳದ್ದೂ ಐತೇನು?"

"ಐತ್ರಿ. ಮಾಡ್ಯುಲರ್ ಅಂತಾರ. ಬೇಕಾದ ಕೇಬಲ್ ಅಷ್ಟ ಚುಚ್ಚೋದು, ಉಳಿದದ್ದು ಚೀಲದಾಗ ಇಡೋದು."

ಅಜ್ಜಾರು ತಗಡಿನ ಕೋಣೆಗೆ ಹೋಗಿ, ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಕೂತರು. ಸಣ್ಣ ಡಬ್ಬಿ. ಕೆಲಸಕ್ಕೆ ಬಾರದ ಕೇಬಲುಗಳೆಲ್ಲ ಅದರಲ್ಲಿ ಗುಬ್ಬಿ ಗೂಡಿನಂತೆ ತುರುಕಿಕೊಂಡು, ಧೂಳು ಹಿಡಿದಿದ್ದವು.

"ಇದರಾಗ ಗಾಳಿ ಆಡ್ತೈತೇನು?"

"ಇಲ್ರಿ."

"ಬ್ಯಾಸಗ್ಯಾಗ ಈ ಖೋಲಿ ಹೆಂಗಿರ್ತೈತಿ?"

"ಒಲಿ ಮ್ಯಾಲಿನ ಹಂಚಿನಂಗ."

"ಹಂಗಾದ್ರ ಈ ಯಂತ್ರಕ್ಕ ಯಾವುದು ಬೇಕು?"

"ಮಾಡ್ಯುಲರ್," ಎಂದಳು ಅವಳು.

"ಗೊತ್ತಿದ್ದೂ ಯಾಕ ಬ್ಯಾಡ ಅಂದಿ?"

"ಅದರಾಗ ಒಂದು ಗಂಡಾಂತರ ಐತ್ರಿ ಅಜ್ಜಾರ. ಒಂದರ ಕೇಬಲ್ ಇನ್ನೊಂದಕ್ಕ ನಡಿಯಂಗಿಲ್ಲ. ಬಾಯಿ ನೋಡಿದ್ರ ಸರಿಯಾಗಿ ಕೂಡ್ತಾವು. ಒಳಗ ತಂತಿಯ ಹಾದಿ ಬ್ಯಾರೆ ಇರ್ತೈತಿ. ಯಾರರ ಅದಲುಬದಲು ಮಾಡಿದ್ರ, ಒಳಗಿಟ್ಟದ್ದನ್ನೆಲ್ಲಾ ಕಾಯೋ ಡಿಸ್ಕ್ ಸುಟ್ಟು ಹೋಗ್ತೈತಿ."

"ಯಾರು ಮಾಡ್ತಾರ?"

"ಯಾರರ ಮಾಡಬಹುದು."

"ಯಾರು?"

ಬಾಗಿಲ ಹೊರಗೆ ಮಂಜು ನೆಲದಿಂದ ಒಂದು ಮೊಳ ಮೇಲೆದ್ದು ಹಾಗೇ ನಿಂತಿತ್ತು. ಆಚೆ ದಡದಲ್ಲಿ ಯಾರೋ ಯಾರನ್ನೋ ಕೂಗಿದರು.

"ನಾನು," ಎಂದಳು ದಾಕ್ಷಾಯಣಿ.

ಆಮೇಲೆ ಎಲ್ಲವನ್ನೂ ಹೇಳಿದಳು. ನಾಲ್ಕು ವರ್ಷದ ಹಿಂದೆ ಒಬ್ಬ ಹೆಂಗಸು ಅಂಗಡಿಗೆ ಕಂಪ್ಯೂಟರ್ ತಂದಿದ್ದಳು. ಹೊಲಿಗೆ ಕೆಲಸದವಳು, ಲಲಿತವ್ವ ಎಂದು ಹೆಸರು. ಕಂಪ್ಯೂಟರು ಅವಳ ಮಗಳದು. ಮಗಳು ಹತ್ತೊಂಬತ್ತಕ್ಕೇ ಜ್ವರ ಬಂದು ತೀರಿಕೊಂಡಿದ್ದಳು. ಫೋಟೋಗಳೆಲ್ಲ ಅದರ ಡಿಸ್ಕಿನಲ್ಲೇ ಇದ್ದವು. ಪವರ್ ಸಪ್ಲೈ ಮಾತ್ರ ಕೆಟ್ಟಿತ್ತು, ಅದೂ ಮಾಡ್ಯುಲರ್. ದಾಕ್ಷಾಯಣಿ ಹೊಸ ಮಾಡ್ಯುಲರ್ ತಂದು ಕೂರಿಸಿದಳು. ಡಿಸ್ಕಿಗೆ ಹೋಗುವ ಹಳೆಯ ಕೇಬಲನ್ನು ಯಾರೋ ಹಿಂದೆ ಅಚ್ಚುಕಟ್ಟಾಗಿ ಕಟ್ಟಿದ್ದರು. ಅದನ್ನು ಮತ್ತೆ ಯಾಕೆ ಬಿಚ್ಚುವುದೆಂದು, ಅದರ ತುದಿಯನ್ನೇ ಹೊಸ ಪೆಟ್ಟಿಗೆಗೆ ಚುಚ್ಚಿದಳು. ಕೂಡಿತು. ಗುಂಡಿ ಒತ್ತಿದಳು. ಐದು ವೋಲ್ಟ್ ಹೋಗಬೇಕಾದ ತಂತಿಯಲ್ಲಿ ಹನ್ನೆರಡು ಹೋಯಿತು. ಎಳೆಯಷ್ಟು ಹೊಗೆ ಎದ್ದಿತು, ಅಷ್ಟೇ.

"ಆಕಿಗೆ ಏನು ಹೇಳಿದಿ?"

"ಡಿಸ್ಕ್ ಹಳೇದಾಗಿತ್ತು, ತಾನ ಹೋತು ಅಂದೆ."

ಅಜ್ಜಾರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಆ ಹುಡುಗಿ ಹೆಸರೇನು?" ಎಂದು ಕೇಳಿದರು.

ದಾಕ್ಷಾಯಣಿಗೆ ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ದಿನವೂ ನೆನೆದವಳ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ.

ಅಜ್ಜಾರು ಕಂಪ್ಯೂಟರಿನ ಮೇಲೆ ಒಂದು ಪಂಚೆ ಹೊದಿಸಿದರು. ಹೊರಗೆ ಹೋಗಿ, ಬಾಗಿಲ ಬಳಿ ಬಿಟ್ಟಿದ್ದ ದಾಕ್ಷಾಯಣಿಯ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನದಿಯ ಮೆಟ್ಟಿಲವರೆಗೆ ನಡೆದು, ಅವುಗಳ ಮುಖವನ್ನು ನೀರಿನ ಕಡೆಗೆ ಮಾಡಿ ಇಟ್ಟರು.

"ಅಯ್ಯಯ್ಯೋ, ಅಜ್ಜಾರ!" ಎಂದು ಅವಳು ಓಡಿ ಬಂದಳು.

"ಹರಗೋಲು ಬಿಡೋ ಹೊತ್ತಾತು," ಎಂದರು ಅವರು.

ಹರಗೋಲು ಮಂಜಿನೊಳಗೆ ಮೆಲ್ಲಗೆ ತಿರುಗುತ್ತ ಹೋಯಿತು. ತಿರುಗಿದಾಗೊಮ್ಮೆ ಆಶ್ರಮ ಕಾಣುತ್ತಿತ್ತು, ಆಮೇಲೆ ಬರೀ ಬಿಳಿ, ಮತ್ತೆ ಆಶ್ರಮ. ಕೊನೆಗೆ ಎಲ್ಲ ಕಡೆಯೂ ಬಿಳಿಯೇ ಆಯಿತು. ತಾನು ಹೇಳಬೇಕಾದ ಮಾತನ್ನು ಅವಳು ನೂರು ಸಲ ಜೋಡಿಸಿದಳು. ದಡ ಮುಟ್ಟಿದಾಗ ಒಂದೂ ಉಳಿದಿರಲಿಲ್ಲ.

ಕೇಳುತ್ತ ಕೇಳುತ್ತ ಮನೆ ಹುಡುಕಿ ಹೋದಾಗ, ಲಲಿತವ್ವ ಬಾಗಿಲ ಬೆಳಕಿನಲ್ಲಿ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ತಲೆ ಅರ್ಧಕ್ಕರ್ಧ ಬೆಳ್ಳಗಾಗಿತ್ತು.

"ಅಕ್ಕಾರ, ನಾ ಕಂಪ್ಯೂಟರ್ ಅಂಗಡಿಯಾಕಿ. ನಿಮ್ಮ ಡಿಸ್ಕ್ ತಾನ ಹೋಗಲಿಲ್ಲ. ನಾ ತಪ್ಪು ಕೇಬಲ್ ಹಚ್ಚಿ ಸುಟ್ಟೆ. ನಿಮಗ ಸುಳ್ಳು ಹೇಳಿದೆ."

ಮಿಷನ್ನಿನ ಮೇಲಿದ್ದ ಕಾಲು ನಿಂತಿತು. ಗಾಲಿ ಇನ್ನೊಂದು ಸುತ್ತು ತಾನೇ ತಿರುಗಿ ನಿಂತಿತು.

"ಅವತ್ತು ಬಸ್ಸಿನ್ಯಾಗ," ಎಂದಳು ಲಲಿತವ್ವ, ಯಾರಿಗೋ ಹೇಳಿದಂತೆ. "ಅಂಗಡಿಗೆ ತರೂ ಮುಂದ. ನನ್ನ ತೊಡಿ ಮ್ಯಾಲಿಂದ ಜಾರಿ ಬಿದ್ದಿತ್ತು. ಒಂದ ಸಲ. ನಾಲ್ಕು ವರ್ಷ ಆತು, ನಾನ ಕೆಡಿಸಿದೆ ಅಂತ ತಿಳಕೊಂಡೀನಿ. ನನ್ನ ಮಗಳನ್ನ ನಾನ ಎರಡನೇ ಸಲ ಕಳಕೊಂಡೆ ಅಂತ."

ದಾಕ್ಷಾಯಣಿಗೆ ಕಾಲ ಕೆಳಗಿನ ನೆಲ ಹರಗೋಲಿನಂತೆ ತಿರುಗಿತು. ತನ್ನ ಸುಳ್ಳು ಎಲ್ಲಿಗೆ ಹೋಗಿ ಕೂತಿತ್ತೆಂದು ಅವಳು ಎಂದೂ ಯೋಚಿಸಿರಲಿಲ್ಲ.

"ನಾನಲ್ಲ ಹಂಗಾದ್ರ," ಎಂದಳು ಲಲಿತವ್ವ. ಇನ್ನೊಮ್ಮೆ, "ನಾನಲ್ಲ," ಎಂದಳು. ಎದ್ದು ಬಂದು ದಾಕ್ಷಾಯಣಿಯ ಮುಖಕ್ಕೇ ಬಾಗಿಲು ಹಾಕಿಕೊಂಡಳು.

ದಾಕ್ಷಾಯಣಿ ಕಟ್ಟೆಯ ಮೇಲೆ ಕೂತಳು. ಒಳಗೆ ಅಳುವ ಸದ್ದು ಬಹಳ ಹೊತ್ತು ಕೇಳಿತು, ನಿಂತಿತು, ಮತ್ತೆ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಲಲಿತವ್ವನ ಕೈಯಲ್ಲಿ ಕುಪ್ಪಸದ ಕಣದಲ್ಲಿ ಸುತ್ತಿದ ಒಂದು ಗಂಟಿತ್ತು. ಸತ್ತ ಡಿಸ್ಕ್.

"ಹೊರಗ ಒಗಿಯಾಕ ಮನಸ್ಸು ಆಗಿರಲಿಲ್ಲ. ಇದರಾಗ ಏನರ ಉಳಿದೈತೇನು?"

ದಾಕ್ಷಾಯಣಿ ಅದನ್ನು ತಿರುಗಿಸಿ ನೋಡಿದಳು. ಸುಟ್ಟದ್ದು ಕೆಳಗಿನ, ಕರೆಂಟು ಹರಿಯುವ ಹಸಿರು ಹಲಗೆ. ಫೋಟೋಗಳಿರುವ ಒಳಗಿನ ತಟ್ಟೆಗಳಿಗೆ ಏನೂ ಆಗಿರಲಿಕ್ಕಿಲ್ಲ. ಅಂದೇ ನಿಜ ಹೇಳಿದ್ದರೆ ಅಂದೇ ಯಾರಾದರೂ ಬಿಚ್ಚಿ ನೋಡುತ್ತಿದ್ದರು.

ಅದನ್ನೂ ಮುಚ್ಚಿಡದೆ ಹೇಳಿದಳು.

ಇಂಥ ಡಿಸ್ಕುಗಳನ್ನೇ ರಿಪೇರಿ ಮಾಡುವ ಒಬ್ಬ ಮುದುಕ ಅಂಗಡಿಯಿದ್ದ ಪಟ್ಟಣದಲ್ಲೇ ಇದ್ದ. ಅದೇ ಜಾತಿಯ ಹಲಗೆ ಹುಡುಕಬೇಕು, ಹದಿನೈದು ಇಪ್ಪತ್ತು ದಿನ ಬೇಕು ಎಂದ.

"ಬರೂ ತನಕ ಇಲ್ಲೇ ಇರು," ಎಂದಳು ಲಲಿತವ್ವ. "ಕೈ ಖಾಲಿ ಇಟ್ಟುಕೊಂಡು ಕೂಡಬ್ಯಾಡ. ಗುಂಡಿ ಹಚ್ಚು."

ದಾಕ್ಷಾಯಣಿ ಹತ್ತೊಂಬತ್ತು ದಿನ ಅಂಗಿಗಳಿಗೆ ಗುಂಡಿ ಹಚ್ಚಿದಳು. ಮೊದಲ ವಾರ ಲಲಿತವ್ವ ದಾರ ಕೊಡು, ಕತ್ತರಿ ಕೊಡು ಎಂಬುದರ ಹೊರತು ಮಾತಾಡಲಿಲ್ಲ. ಎಂಟನೆಯ ದಿನ, ಸೂಜಿಗೆ ದಾರ ಪೋಣಿಸುತ್ತ, "ವರದಾ ಅಂತ ಅಕಿ ಹೆಸರು," ಎಂದಳು. ಆಮೇಲೆ ದಿನಕ್ಕೊಂದಿಷ್ಟು. ವರದಾಗೆ ಹಾಗಲಕಾಯಿ ಸೇರುತ್ತಿತ್ತು. ಜೋರು ಗಾಳಿ ಬಂದರೆ ಅಂಗಳಕ್ಕೆ ಓಡಿ ಕೈಚಾಚಿ ನಿಲ್ಲುತ್ತಿದ್ದಳು. ಕೇಳುತ್ತ ಕೇಳುತ್ತ ದಾಕ್ಷಾಯಣಿಗೆ, ಆ ಹುಡುಗಿ ಒಳಮನೆಯಿಂದ ಈಗ ಬಂದಾಳು ಅನ್ನಿಸುತ್ತಿತ್ತು.

ಫೋಟೋಗಳು ಬಂದವು. ಎಲ್ಲವೂ ಅಲ್ಲ. ಕೆಲವು ಅರ್ಧ ಮುಖ, ಅರ್ಧ ಬೂದು. ಕೆಲವು ಬರಲೇ ಇಲ್ಲ. ಗಾಳಿಗೆ ಕೈಚಾಚಿ ನಿಂತದ್ದು ಒಂದು ಸ್ವಚ್ಛವಾಗಿ ಬಂದಿತ್ತು.

ಲಲಿತವ್ವ ಅದನ್ನು ನೋಡುತ್ತ ಕೂತಳು. ಹೊರಟು ನಿಂತ ದಾಕ್ಷಾಯಣಿಗೆ, ತಲೆ ಎತ್ತದೆ, "ಎರಡು ಅಂಗಿಗೆ ಗುಂಡಿ ಹಚ್ಚೋದು ಉಳಿದೈತಿ. ಮುಂದಿನ ವಾರ ಬಾ," ಎಂದಳು.

ದಾಕ್ಷಾಯಣಿ ಆಶ್ರಮಕ್ಕೆ ಮರಳಿದಾಗ ಮಂಜಿನ ದಿನಗಳು ಮುಗಿಯುತ್ತ ಬಂದಿದ್ದವು. ಕಂಕುಳಲ್ಲಿ ಒಂದು ರಟ್ಟಿನ ಡಬ್ಬಿಯಿತ್ತು. ನಾಲ್ಕುನೂರಾ ಐವತ್ತು ವ್ಯಾಟ್, ಮಾಡ್ಯುಲರ್.

ಅಜ್ಜಾರು ಬಂದು ಕೋಣೆಯಲ್ಲಿ ಕೂತರು. ಅವಳು ಕಂಪ್ಯೂಟರಿನ ಮೇಲಿನ ಪಂಚೆ ತೆಗೆದು ಮಡಚಿಟ್ಟಳು. ಹಳೆಯ ಪೆಟ್ಟಿಗೆಯನ್ನು ಕೇಬಲು ಸಮೇತ ಹೊರಗೆಳೆದು, ಧೂಳು ಒರೆಸಿದಳು. ಹೊಸತನ್ನು ಕೂರಿಸಿ, ಅದರ ಜೊತೆಗೇ ಬಂದ ಕೇಬಲುಗಳಲ್ಲಿ ಬೇಕಾದ ಮೂರನ್ನು ಮಾತ್ರ ತೆಗೆದಳು. ಒಂದೊಂದರ ಎರಡೂ ತುದಿ ನೋಡಿ, ಓದಿ, ಚುಚ್ಚಿದಳು. ಉಳಿದವನ್ನು ಚೀಲಕ್ಕೆ ಹಾಕಿ, ಯಾವ ಪೆಟ್ಟಿಗೆಯವು ಎಂದು ಚೀಟಿ ಬರೆದು ಕಟ್ಟಿದಳು. ಡಬ್ಬಿಯ ಒಳಗೆ ಈಗ ಅಂಗೈ ಆಡಿಸುವಷ್ಟು ಜಾಗವಿತ್ತು.

ಇನ್ನೊಮ್ಮೆ ಎಲ್ಲ ತುದಿ ನೋಡಿ, ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಬೆಳಗಿತು. ಯಾರದೋ ಅಜ್ಜನ ಕೈಬರಹದ ಪುಟವೊಂದು ನೀರಿನ ತಳದಿಂದ ಎದ್ದು ಬಂದಂತೆ ಮೆಲ್ಲಗೆ ಕಾಣಿಸಿಕೊಂಡಿತು.

ದಾಕ್ಷಾಯಣಿ ತಿರುಗಿ ಅಜ್ಜಾರ ಕಾಲು ಮುಟ್ಟಿದಳು. ಕಣ್ಣು ತುಂಬಿತ್ತು.

"ನನ್ನ ಒಳಗ ಇದೆಲ್ಲಾ ಐತಿ ಅಂತ ನಿಮಗ ಮೊದಲ ಗೊತ್ತಿತ್ತಲ್ರೀ? ಅದಕ್ಕಂತ ನನ್ನ ಕರದು, ನೀನ ಆರಿಸು ಅಂದ್ರಿ, ಅಲ್ಲೇನ್ರಿ?"

"ಇಲ್ಲವ್ವಾ," ಎಂದರು ಅಜ್ಜಾರು. "ಕಂಪ್ಯೂಟರ್ ಕೆಟ್ಟಿತ್ತು. ನನಗ ಅಷ್ಟ ಗೊತ್ತಿತ್ತು."