ವರದಪ್ಪನ ಹಾಡಿಗೊಂದು ಹೊಗಳಿಕೆ

“ಈ ಸೀಮೆಯಲ್ಲಿ ನನ್ನಂತೆ ಹಾಡುವವನು ಇನ್ನೊಬ್ಬನಿಲ್ಲ, ಪ್ರಭುಗಳೇ. ಆದರೂ ಈ ಮಾಚಯ್ಯ ನನ್ನ ಬಗ್ಗೆ ಇವತ್ತಿನವರೆಗೆ ಒಂದಕ್ಷರ ಬರೆದಿಲ್ಲ!”

ಹಂಸಗಿರಿಯ ದೊರೆ ಬೊಮ್ಮರಸನ ಓಲಗದಲ್ಲಿ ಹೀಗೆ ಗುಡುಗಿದವನು ಗಾಯಕ ವರದಪ್ಪ. ಮೈಮೇಲೆ ಜರತಾರಿ ಶಾಲು, ಕಿವಿಯಲ್ಲಿ ಹರಳಿನ ಒಂಟಿ. ತನಗೆ ‘ಗಾನಸಿಂಹ’ ಎಂಬ ಬಿರುದಿದೆ ಎನ್ನುತ್ತಿದ್ದ. ಕೊಟ್ಟವರು ಯಾರೆಂದು ಕೇಳಿದರೆ ಮಾತು ಬದಲಿಸುತ್ತಿದ್ದ.

ಮಾಚಯ್ಯ ಅರಮನೆಯಲ್ಲಿ ಓಲೆ ಬರೆಯುವವನು. ಪೇಟೆಬಾಗಿಲಲ್ಲಿ ಅವನದೊಂದು ಕಪ್ಪು ಹಲಗೆಯಿತ್ತು. ಊರಲ್ಲಿ ಆ ವಾರ ಯಾರು ಚೆನ್ನಾಗಿ ಹಾಡಿದರು, ಯಾರು ತಾಳ ತಪ್ಪಿದರು ಎಂದು ಪ್ರತಿ ಸೋಮವಾರ ಬಳಪದಲ್ಲಿ ಬರೆಯುತ್ತಿದ್ದ. ಸಂತೆಗೆ ಬಂದವರು ಮೊದಲು ಹಲಗೆ ಓದಿ, ಆಮೇಲೆ ತರಕಾರಿ ಕೊಳ್ಳುತ್ತಿದ್ದರು. ಅವನು ಯಾರ ಮುಖವನ್ನೂ ನೋಡಿ ಬರೆಯುವವನಲ್ಲ ಎಂದು ಊರಿಗೆಲ್ಲ ನಂಬಿಕೆ.

ವರದಪ್ಪನ ವಿಷಯಕ್ಕೆ ಮಾತ್ರ ಬಳಪ ಕೈಗೆ ಬರುತ್ತಿರಲಿಲ್ಲ. ಇಬ್ಬರೂ ಒಂದೇ ಮಠದಲ್ಲಿ ಅಕ್ಷರ ಕಲಿತವರು, ಒಂದೇ ಎಲೆಯಲ್ಲಿ ಉಂಡವರು. ಹೊಗಳಿದರೆ ಸುಳ್ಳು, ತೆಗಳಿದರೆ ಗೆಳೆಯನಿಗೆ ನೋವು. ಅದಕ್ಕೇ ಸುಮ್ಮನಿದ್ದ.

ಬೊಮ್ಮರಸನಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಅರಮನೆಯ ಸಂಗೀತ ಶಾಲೆಗೆ ಗುರುವನ್ನು ನೇಮಿಸುವ ಕೆಲಸ ಬೇರೆ ತಲೆಮೇಲಿತ್ತು. ಇಬ್ಬರ ಹೆಸರು ಬಂದಿತ್ತು: ವರದಪ್ಪ, ಮತ್ತು ನೇಕಾರರ ಕೇರಿಯಲ್ಲಿ ಹೆಣ್ಣುಮಕ್ಕಳಿಗೆ ಹಾಡು ಕಲಿಸುತ್ತಿದ್ದ ದೇವೀರಮ್ಮ.

“ಮಾಚಯ್ಯ, ಈ ಸೋಮವಾರ ವರದಪ್ಪನ ಬಗ್ಗೆ ಬರಿ. ನಾನೇ ಬಂದು ಓದುತ್ತೇನೆ,” ಎಂದ ದೊರೆ. “ಒಂದು ಸುಳ್ಳಿದ್ದರೂ ನಿನ್ನ ಹಲಗೆ ಒಲೆಗೆ. ವರದಪ್ಪ ಒಪ್ಪದ ಮಾತು ಒಂದಿದ್ದರೂ ಅಷ್ಟೇ. ಏನಂತೀಯ?”

ಸಭೆ ಕಿಸಕ್ಕೆಂದಿತು. ಮಾಚಯ್ಯ ತಲೆಬಾಗಿದ. “ಅಪ್ಪಣೆ, ಪ್ರಭು.”

ಅಲ್ಲಿಂದ ನೆಟ್ಟಗೆ ವರದಪ್ಪನ ಮನೆಗೆ ಹೋದ. ವರದಪ್ಪ ಜಗಲಿಯ ಮೇಲೆ ದಿಂಬಿಗೊರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ.

“ವರದ, ನಿನ್ನ ಹತ್ತಿರ ಮುಚ್ಚುಮರೆ ಏಕೆ? ನಿನ್ನ ಶ್ರುತಿ ತಂಬೂರಿಗೆ ಸೇರೋದಿಲ್ಲ ಕಣೋ. ಒಂದು ವರ್ಷ ಕೂತು ಸಾಧನೆ ಮಾಡು. ಆ ಗುರುಪೀಠ ಈಗ ಬೇಡ.”

“ನನ್ನ ಶ್ರುತಿಗೇನಾಗಿದೆ? ತಂಬೂರಿ ಹಾಳಾಗಿದೆ. ಮೂರು ತಂಬೂರಿ ಬದಲಾಯಿಸಿದೆ, ಮೂರೂ ಹಾಳು!”

“ಮೂರೂ?”

“ಮೂರೂ! ನೋಡು ಮಾಚ, ಚಿಕ್ಕಂದಿನ ಗೆಳೆಯ ನೀನು. ಎರಡು ಒಳ್ಳೇ ಮಾತು ಬರೆಯೋಕೆ ಆಗದಿದ್ದರೆ ಈ ಗೆಳೆತನ ಯಾಕೆ ಬೇಕು?”

ಮಾಚಯ್ಯನಿಗೆ ಚುರುಕ್ಕೆಂದಿತು. ಚೀಲದಿಂದ ಓಲೆ, ಬರೆಯುವ ಕಂಟ ತೆಗೆದ.

“ಸರಿ. ನೀನೇ ಹೇಳು, ಒಂದಕ್ಷರ ಬಿಡದೆ ಬರೀತೀನಿ.”

ವರದಪ್ಪ ಎದ್ದು ಕೂತ. “ಬರಿ. ವರದಪ್ಪನವರ ಕಂಠ ಜೇನು. ಊಹೂಂ, ಸಾಲದು. ಜೇನಿಗೇ ಸಿಹಿ ಕಲಿಸುವ ಕಂಠ.”

“ಬರೆದೆ.”

“ಅವರು ತೋಡಿ ಹಾಡಿದಾಗ ಕೆರೆಯ ಮೀನುಗಳೆಲ್ಲ ದಡಕ್ಕೆ ಬಂದು ತಲೆದೂಗಿದವು.”

“ಬಂದಿದ್ದವಾ?”

“ನೀನು ಬರೆಯಪ್ಪಾ! ಹಾಂ, ಇನ್ನೊಂದು. ಅವರ ಮುಂದೆ ದೇವೀರಮ್ಮನ ಹಾಡು ತುಕ್ಕು ಹಿಡಿದ ರಾಟೆಯ ಕಿರುಚಾಟ.”

ಮಾಚಯ್ಯನ ಕೈ ನಿಂತಿತು. “ಆ ತಾಯಿ ನಿನಗೇನು ಮಾಡಿದ್ದಾಳೋ?”

“ಬರೀತೀಯೋ ಇಲ್ವೋ?”

ಮಾಚಯ್ಯ ಬರೆದ. ಅಲ್ಲಿಯವರೆಗೆ ಗೆಳೆಯನ ಮೇಲಿದ್ದ ಕನಿಕರವೆಲ್ಲ ಆ ಒಂದು ಸಾಲಿಗೆ ಇಳಿದುಹೋಯಿತು.

ಸೋಮವಾರ ಪೇಟೆಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊರೆ ಬಂದ. ದೇವೀರಮ್ಮ ಜನರ ನಡುವೆ ಸೆರಗು ಹೊದ್ದು ನಿಂತಿದ್ದಳು. ಮಾಚಯ್ಯ ಹಲಗೆಯ ಮೇಲೆ ಒಂದೊಂದೇ ಸಾಲು ಬರೆದು ಗಟ್ಟಿಯಾಗಿ ಓದಿದ. ಜೇನು ಬಂತು, ಮೀನು ಬಂತು. ರಾಟೆಯ ಸಾಲು ಬಂದಾಗ ದೇವೀರಮ್ಮ ತಲೆ ತಗ್ಗಿಸಿದಳು. ಜನ ಗುಸುಗುಸು ಎಂದರು: “ಮಾಚಯ್ಯನೂ ಕೆಟ್ಟುಹೋದನಲ್ಲಾ!”

“ವರದಪ್ಪ, ಒಪ್ಪದ ಮಾತು ಇದೆಯೇ?” ಎಂದ ದೊರೆ.

ವರದಪ್ಪ ಶಾಲು ಕೊಡವಿ ಮುಂದೆ ಬಂದ. “ಒಂದೂ ಇಲ್ಲ, ಪ್ರಭು! ಒಂದೊಂದು ಮಾತೂ ಮುತ್ತು.”

“ಮುಗಿಯಿತೇ, ಮಾಚಯ್ಯ?”

“ವಾಕ್ಯ ಮುಗಿದಿಲ್ಲ, ಪ್ರಭು,” ಎಂದ ಮಾಚಯ್ಯ ಬಳಪ ಎತ್ತಿ ಕೊನೆಯ ಸಾಲು ಬರೆದು ಓದಿದ:

“...ಎಂದು ಸ್ವತಃ ವರದಪ್ಪನವರೇ ತಮ್ಮ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತಾ ಹೇಳಿ ಬರೆಸಿದರು.”

ಇಡೀ ಪೇಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಇದು ಮೋಸ! ಆ ಕೊನೇ ಸಾಲನ್ನು ನಾನು ಒಪ್ಪೋದಿಲ್ಲ!” ವರದಪ್ಪ ಕೆಂಪಾಗಿ ಕಿರುಚಿದ.

“ಹಾಗಾದರೆ ಈ ಮಾತುಗಳನ್ನು ನೀನು ಹೇಳಲಿಲ್ಲವೇ?” ಎಂದ ದೊರೆ. “ದೇವರಾಣೆ ಮಾಡಿ ಹೇಳು.”

“ಹೇಳಿದೆ... ಆದರೆ...” ವರದಪ್ಪ ಮಾಚಯ್ಯನ ಕಡೆ ತಿರುಗಿ, “ನೀನೂ ಒಬ್ಬ ಗೆಳೆಯನಾ?” ಎಂದ.

“ನೀನು ಹೇಳಿದ್ದನ್ನೆಲ್ಲ ಬರೆದೆ, ಅದು ಗೆಳೆತನಕ್ಕೆ. ಹೇಳಿದವನು ನೀನು ಅಂತಲೂ ಬರೆದೆ, ಅದು ಹಲಗೆಯ ನಿಯತ್ತಿಗೆ.”

“ಹೇಳಿದ್ದು ತಾನೇ ಎಂದು ಅವನೇ ಒಪ್ಪಿದ, ನಿನ್ನ ಹಲಗೆ ಉಳಿಯಿತು,” ಎಂದ ದೊರೆ ನಗು ತಡೆದುಕೊಂಡು ಕೇಳಿದ: “ದೇವೀರಮ್ಮನ ಬಗ್ಗೆ ಏನು ಹೇಳ್ತೀಯ?”

“ಆಕೆ ನನ್ನನ್ನು ಇವತ್ತಿನವರೆಗೆ ಏನಾದರೂ ಬರಿ ಅಂತ ಕೇಳಿಲ್ಲ, ಪ್ರಭು. ಕೇಳೋ ಅಗತ್ಯವೂ ಬಿದ್ದಿಲ್ಲ.”

ಗುರುಪೀಠ ಅಲ್ಲೇ ದೇವೀರಮ್ಮನಿಗೆ ಸಿಕ್ಕಿತು. ಕೇರಿಯ ಹೆಂಗಸರು ಆಕೆಯನ್ನು ಸುತ್ತುವರಿದು ಕರೆದುಕೊಂಡು ಹೋದರು.

“ಈ ಗಾನಸಿಂಹವನ್ನು ಗಡಿ ದಾಟಿಸಲೇ?” ಎಂದ ದೊರೆ.

“ಬೇಡಿ ಪ್ರಭು, ಊರಲ್ಲೇ ಇರಲಿ. ಹಾಡಬೇಡ ಅಂತ ಮಾತ್ರ ಅಪ್ಪಣೆ ಕೊಡಿ.”

“ಯಾಕೆ?”

“ಬಾಯಿ ಮುಚ್ಚಿಕೊಂಡು ಕೂತರೆ ಅವನಂಥ ಒಳ್ಳೇ ಗೆಳೆಯ ಇನ್ನೊಬ್ಬನಿಲ್ಲ. ಇದನ್ನು ಯಾರೂ ಹೇಳಿ ಬರೆಸಿದ್ದಲ್ಲ, ಪ್ರಭು. ನನ್ನದೇ ಮಾತು!”